ಚಿಕ್ಕಜಾಲದ ಮೂರನೆಯ ಚಿಂಪಾಂಜಿ

ಆರ್.ಟಿ. ನಗರದ ಕೃಷ್ಣವೇಣಿ ಸರ್ಕಾರಿ ಕಚೇರಿಯೊಂದರ ಪಿಂಚಣಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವಳು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕಲ್ಲ, ಆ ಕಾಗದಗಳು ಬಂದು ಬೀಳುತ್ತಿದ್ದದ್ದು ಆಕೆಯ ಮೇಜಿನ ಮೇಲೆ. ಸಹಿ ಹೊಂದುತ್ತದೆಯೇ, ಫೋಟೋದ ಮುಖ ಹಳೆಯ ಕಡತದ ಮುಖವೇ ಎಂದು ನೋಡುವುದು ಆಕೆಯ ಕೆಲಸ. ತೀರಿಕೊಂಡ ಅಕ್ಕನ ಹೆಸರಿನಲ್ಲಿ ಆರು ವರ್ಷ ಪಿಂಚಣಿ ತೆಗೆಯುತ್ತಿದ್ದ ತಂಗಿಯೊಬ್ಬಳನ್ನು ಹಿಡಿದದ್ದು ಆಕೆಯೇ. ಅಕ್ಕತಂಗಿಯರದು ಒಂದೇ ಅಚ್ಚು. ಅದೇ ಮೂಗು, ಅದೇ ಅಗಲ ಕುಂಕುಮ, ಕನ್ನಡಕವೂ ಅದೇ. ಸಿಕ್ಕಿಬಿದ್ದದ್ದು ಕಿವಿಯಿಂದ. ಅಕ್ಕನ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು, ತಂಗಿಯದು ಬಿಡಿಯಾಗಿ ಜೋತಾಡುತ್ತಿತ್ತು. ಅಲ್ಲಿಂದಾಚೆಗೆ ಕಚೇರಿಗೆ ಹೊಸದಾಗಿ ಸೇರಿದವರಿಗೆಲ್ಲ ಆಕೆ ಹೇಳುತ್ತಿದ್ದಳು: "ಮುಖ ವಯಸ್ಸಾದ ಹಾಗೆ ಬದಲಾಗತ್ತೆ ಕಣ್ರೀ. ಕಿವಿ ನೋಡಿ."

ಆದರೆ ಆಕೆಯ ಸಂಶಯ ಒಮ್ಮೆ ಒಬ್ಬ ನಿರಪರಾಧಿಯ ತಲೆಗೂ ಬಂದಿತ್ತು. ಯಲಹಂಕದ ಬ್ಯಾಟರಾಯಪ್ಪ ಎಂಬ ನಿವೃತ್ತ ಜವಾನನ ಸಹಿ ಇದ್ದಕ್ಕಿದ್ದಂತೆ ಕೋಳಿ ಕೆದರಿದ ಹಾಗೆ ಆಗಿಬಿಟ್ಟಿತು. ಬೇರೆ ಯಾರೋ ಹಾಕಿದ್ದಾರೆ ಎಂದು ಕೃಷ್ಣವೇಣಿ ಆಕ್ಷೇಪಣೆ ಬರೆದಳು. ಐದು ತಿಂಗಳು ಪಿಂಚಣಿ ನಿಂತಿತು. ಕೊನೆಗೊಂದು ದಿನ ಆ ಮನುಷ್ಯನೇ ಮಗಳ ಹೆಗಲು ಹಿಡಿದು ಬಂದು ಆಕೆಯ ಮೇಜಿನ ಮುಂದೆ ನಿಂತ. ಲಕ್ವ ಹೊಡೆದು ಬಲಗೈ ಸೊಟ್ಟಗಾಗಿತ್ತು. ಬೈಯಲಿಲ್ಲ. "ನಾನು ಬದುಕಿವ್ನಿ ಅಂತ ನಿಮ್ಗೆ ಎಂಗೆ ನಂಬ್ಸಾದು ತಾಯಿ?" ಎಂದು ಕೇಳಿದ, ಅಷ್ಟೇ. ಅಂದಿನಿಂದ ಕೃಷ್ಣವೇಣಿ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು. ಸಂಶಯ ಎಷ್ಟು ಬೇಕಾದರೂ ಪಡಬಹುದು, ಕಣ್ಣಾರೆ ನೋಡದೆ ಬರೆಯಕೂಡದು. ಸಂಶಯ ಕಡಿಮೆಯಾಯಿತು ಅಂತಲ್ಲ. ತಿರುಗಾಟ ಜಾಸ್ತಿಯಾಯಿತು.

ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಆ ಬುದ್ಧಿ ಹೋಗಿರಲಿಲ್ಲ. ಹಾಲಿನ ಪ್ಯಾಕೆಟ್ಟಿನ ತಾರೀಖು ಓದದೆ ಒಲೆಗೆ ಇಡುತ್ತಿರಲಿಲ್ಲ. ನೀರಿನ ಫಿಲ್ಟರ್ ರಿಪೇರಿಗೆ ಬಂದವನ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ನನ್ನನ್ನೂ ಒಂದ್ಸಲ ತಪಾಸಣೆ ಮಾಡಿಬಿಡು ವೇಣಿ, ಮದುವೆ ಫೋಟೋದಲ್ಲಿರೋನು ನಾನೇ ಹೌದೋ ಅಲ್ವೋ" ಎಂದು ಗಂಡ ಶೇಷಗಿರಿ ರೇಗಿಸುತ್ತಿದ್ದರು.

ಜೂನ್ ಕೊನೆಯಲ್ಲಿ ಬಸವಕಿರಣನ ಫೋನು ಬಂತು. ಅವನು ಮೊದಲು ಆಕೆಯ ಕೈಕೆಳಗೆ ಎರಡು ವರ್ಷ ಇದ್ದ ಹುಡುಗ; ಈಗ ವನ್ಯಜೀವಿ ಅನುದಾನ ಹಂಚುವ ಘಟಕವೊಂದರಲ್ಲಿ ಅಧಿಕಾರಿ.

"ಮೇಡಂ, ಒಂದು ಸಣ್ಣ ಕೆಲಸ. ಮಹಾವಾನರ ಸಂರಕ್ಷಣೆ ಅಂತ ಒಂದು ಯೋಜನೆ ಇದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಇಂಥವಕ್ಕೆ ಸರ್ಕಾರದ ಅನುದಾನ. ಚಿಕ್ಕಜಾಲದ ಆಚೆ ಒಂದು ಟ್ರಸ್ಟ್ ಮೂರು ಚಿಂಪಾಂಜಿ ಸಾಕ್ತಿದೆ. ಮುಂದಿನ ಕಂತು ಬಿಡೋದಕ್ಕೆ ಮುಂಚೆ ಹೊರಗಿನವರೊಬ್ಬರು ಹೋಗಿ ನೋಡಿ ಬರ್ಬೇಕು. ನೀವು ಮೂರು ಇದೆ ಅಂತ ಬರೆದುಕೊಟ್ರೆ ಸಾಕು."

"ಮೂರು ಇದ್ರೆ ತಾನೆ ಬರೆಯೋದು?" ಎಂದಳು ಕೃಷ್ಣವೇಣಿ.

ಅವನು ನಕ್ಕ. ಆ ನಗು ಆಕೆಗೆ ಹಿಡಿಸಲಿಲ್ಲ. ಪ್ರಾಣಿಗಳ ಕೆಲಸಕ್ಕೆ ಪಶುವೈದ್ಯರನ್ನು ಕಳಿಸುವುದು ಬಿಟ್ಟು, ನಾಯಿ ಕಂಡರೂ ರಸ್ತೆ ದಾಟುವ ತನ್ನನ್ನು ಯಾಕೆ ಕರೆದರು? ಫೋನಿಟ್ಟ ಮೇಲೆ ಶೇಷಗಿರಿಯವರು ಇನ್ನೊಂದು ಪ್ರಶ್ನೆ ಹಾಕಿದರು. "ನಮ್ಮ ದೇಶದ ಕಾಡಲ್ಲೇ ಇಲ್ಲದ ಪ್ರಾಣಿಗೆ ನಮ್ಮ ದೇಶದ ದುಡ್ಡಾ? ಎಲ್ಲೋ ಏನೋ ಇದೆ ನೋಡು."

ಕಡತ ತರಿಸಿಕೊಂಡು ಓದಿದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಯಾರೋ ಶ್ರೀಮಂತನೊಬ್ಬ ತನ್ನ ತೋಟದ ಮನೆಯಲ್ಲಿ ಶೋಕಿಗೆ ಇಟ್ಟುಕೊಂಡಿದ್ದ ಪ್ರಾಣಿಗಳು ಅವು. ಮರಿಗಳಾಗಿದ್ದಾಗಲೇ ಆಫ್ರಿಕಾದಿಂದ ಕದ್ದು ತಂದವು. ದಾಳಿಯಲ್ಲಿ ಸಿಕ್ಕಿದ ಮೇಲೆ ವಾಪಸು ಕಳಿಸಲು ದಾರಿಯಿಲ್ಲ, ಕಾಡಿಗೆ ಬಿಟ್ಟರೆ ಬದುಕುವುದಿಲ್ಲ. ಐವತ್ತು ವರ್ಷ ಬದುಕುವ ಪ್ರಾಣಿ. ಸರ್ಕಾರ ಅವನ್ನು ಈ ಟ್ರಸ್ಟಿಗೆ ಒಪ್ಪಿಸಿ, ತಲೆಗಿಷ್ಟು ಎಂದು ಅನುದಾನ ಕೊಡುತ್ತಿತ್ತು. ಗಂಡು ಸೋಮ, ಹೆಣ್ಣುಗಳು ಗೌರಿ ಮತ್ತು ಪುಟ್ಟಿ. ತಲೆಗಿಷ್ಟು ಎಂಬ ಮಾತಿನ ಹತ್ತಿರ ಕೃಷ್ಣವೇಣಿಯ ಬೆರಳು ನಿಂತಿತು. ಪಿಂಚಣಿಯೂ ತಲೆಗಿಷ್ಟೇ.

ಜುಲೈ ಮೊದಲ ವಾರ ಹೋದಳು. ಚಿಕ್ಕಜಾಲ ದಾಟಿ, ಏರ್‌ಪೋರ್ಟ್ ರಸ್ತೆಯಿಂದ ಎಡಕ್ಕೆ ತಿರುಗಿ ಒಂದೂವರೆ ಮೈಲಿ. ಎರಡೂ ಕಡೆ ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ನಡುವೆ ಟ್ರಸ್ಟಿನ ನಾಲ್ಕು ಎಕರೆ ಮಾತ್ರ ಮರಗಳಿಂದ ಹಸಿರಾಗಿತ್ತು. ಇಲ್ಲಿ ಎಕರೆಗೆ ಎಷ್ಟು ಹೇಳುತ್ತಾರೆಂದು ಆಟೋದವನನ್ನು ಕೇಳಿದಳು. ಅವನು ಹೇಳಿದ್ದನ್ನು ಕೇಳಿ ಮತ್ತಷ್ಟು ಸಂಶಯ ಬಂತು. ಪ್ರಾಣಿ ಮುಂದಿಟ್ಟುಕೊಂಡು ಜಮೀನು ಕಾಯುತ್ತಿರಬಹುದಲ್ಲವೇ?

ಗೇಟಿನ ಹತ್ತಿರ ಡಾಕ್ಟರ್ ನಿಶಾತ್ ಕಾದಿದ್ದರು. ಟ್ರಸ್ಟಿನ ಮುಖ್ಯಸ್ಥರೂ ಪಶುವೈದ್ಯರೂ ಅವರೇ. ನಲವತ್ತೈದರ ಆಸುಪಾಸು, ಮೃದು ಮಾತು, ಮಾಸಿದ ಹಸಿರು ಅಂಗಿ. ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ, ಕಾಫಿ ತಗೊಳ್ಳಿ ಮೇಡಂ. ಕೃಷ್ಣವೇಣಿ ಕಾಫಿ ಮುಟ್ಟದೆ ತನ್ನ ಬಾಟಲಿಯ ನೀರು ಕುಡಿದಳು. ತಪಾಸಣೆಗೆ ಹೋದಲ್ಲಿ ಏನೂ ಮುಟ್ಟಬಾರದು ಎಂಬುದು ಆಕೆಯ ಹಳೆಯ ರೂಢಿ.

ಎತ್ತರದ ಕಬ್ಬಿಣದ ಜಾಲರಿಯ ಹಿಂದೆ ಒಂದು ದೊಡ್ಡ ಅಂಗಳ. ಮರದ ಅಟ್ಟಣೆಗಳು, ತೂಗುಬಿಟ್ಟ ಹಗ್ಗಗಳು. ಸೋಮ ಗೋಡೆಗೆ ಒರಗಿ ಕೂತಿದ್ದ. ಊಟವಾದ ಮೇಲೆ ಜಗಲಿಯಲ್ಲಿ ಕೂತ ಯಜಮಾನನ ಹಾಗೆ, ಎರಡೂ ಕೈ ಮೊಣಕಾಲ ಮೇಲೆ. ಪುಟ್ಟಿ ಗೋಣಿಚೀಲವೊಂದನ್ನು ತಲೆಗೆ ಹೊದ್ದು ಅಟ್ಟಣೆಯ ಮೇಲೆ ಮಲಗಿದ್ದಳು. ಕೃಷ್ಣವೇಣಿ ಫೋಟೋಗಳನ್ನು ತೆಗೆದು ಎರಡರ ಕಿವಿಗಳನ್ನೂ ಹೋಲಿಸಿದಳು. ಸರಿಯಾಗಿತ್ತು.

"ಮೂರನೆಯದು?"

"ಗೌರಿಗೆ ಹುಷಾರಿಲ್ಲ. ಒಳಗಡೆ ಬೇರೆ ಇಟ್ಟಿದೀವಿ. ಹೊಸಬರನ್ನ ನೋಡಿದ್ರೆ ಗಾಬರಿ ಆಗ್ತಾಳೆ."

"ಏನಾಗಿದೆ?"

"ಸೋಂಕು."

"ಕಿಟಕಿಯಿಂದ ನೋಡಬಹುದಲ್ಲ?"

"ಮನುಷ್ಯರ ನೆಗಡಿ ಕೂಡ ಅವಕ್ಕೆ ಅಂಟತ್ತೆ ಮೇಡಂ. ಹದಿನೈದು ದಿನ ಬಿಟ್ಟು ಬನ್ನಿ, ನಾನೇ ತೋರಿಸ್ತೀನಿ."

ಆ ಹೊತ್ತಿಗೆ ಬಕೆಟ್ಟು ಹಿಡಿದು ಬರುತ್ತಿದ್ದ ವಯಸ್ಸಾದ ಕೆಲಸಗಾರನೊಬ್ಬ ಆಕೆಯನ್ನು ಕಂಡು ಅಲ್ಲಿಂದಲೇ ತಿರುಗಿ ಹೋದ. ಬಕೆಟ್ಟಿನ ಬಾಯಿಗೆ ಬಟ್ಟೆ ಮುಚ್ಚಿತ್ತು.

ಮನೆಗೆ ಬಂದವಳೇ ಕೃಷ್ಣವೇಣಿ ಭೂತಗನ್ನಡಿ ಹುಡುಕಿ ಕೂತಳು. ಗೌರಿಯ ಹಳೆಯ ಫೋಟೋಗಳಲ್ಲಿ ಎಡಗಿವಿಯ ಅಂಚಿನಲ್ಲಿ ಕಾಣುವಂಥ ಕಚ್ಚು ಇತ್ತು, ಎಂದೋ ಹರಿದದ್ದು. ಈಚಿನ ವರದಿಯಲ್ಲಿ ಗೌರಿಯವು ಎಂದು ನಾಲ್ಕು ಫೋಟೋ. ನಾಲ್ಕೂ ಬಲಗಡೆಯಿಂದ ತೆಗೆದವು. ನಾಲ್ಕೂ ಕತ್ತಿನವರೆಗೆ ಮಾತ್ರ. ಎಡಗಿವಿ ಒಂದರಲ್ಲೂ ಇಲ್ಲ.

"ಸತ್ತುಹೋಗಿದೆ ಕಣ್ರೀ" ಎಂದಳು ಗಂಡನಿಗೆ. "ಸತ್ತಿದೆ, ಹೇಳಿಲ್ಲ. ಪುಟ್ಟಿ ಫೋಟೋನೇ ಬಲಗಡೆಯಿಂದ ತೆಗೆದು ಗೌರಿ ಅಂತ ಹಾಕಿದಾರೆ."

"ಹಾಗಾದ್ರೆ ಬರೆದು ಮುಗಿಸು."

"ನೋಡದೇನಾ?"

ಶೇಷಗಿರಿ ಮತ್ತೆ ಪತ್ರಿಕೆ ಎತ್ತಿಕೊಂಡರು. ಬ್ಯಾಟರಾಯಪ್ಪನ ವಿಷಯ ಅವರಿಗೂ ಗೊತ್ತಿತ್ತು.

ಮರುದಿನ ಆಕೆ ಯಶವಂತಪುರದ ಮಾರುಕಟ್ಟೆಗೆ ಹೋದಳು. ಟ್ರಸ್ಟಿನ ರಸೀದಿಗಳಲ್ಲಿ ಗೆಣಸು ಮತ್ತು ಆಲೂಗಡ್ಡೆ ಅಲ್ಲಿನ ಶಿವರಾಮ್ ಎಂಬ ಮಂಡಿಯವರಿಂದ ಬಂದದ್ದು ಎಂದಿತ್ತು. ಮೂಟೆ ಹೊತ್ತವರ "ಸೈಡು, ಸೈಡು" ಎಂಬ ಕೂಗಿನ ನಡುವೆ ಸೀರೆ ನೆರಿಗೆ ಎತ್ತಿ ಹಿಡಿದು ಅಂಗಡಿ ಹುಡುಕಿದಳು. ಸತ್ತ ಪ್ರಾಣಿಯ ಪಾಲು ಕಡಿಮೆಯಾಗಿರಲೇಬೇಕು, ರಸೀದಿಯಲ್ಲಿ ಮಾತ್ರ ಹಾಗೇ ಉಳಿದಿರಬೇಕು ಎಂದು ಆಕೆಯ ಎಣಿಕೆ.

ಶಿವರಾಮ್ ಮುಚ್ಚುಮರೆಯಿಲ್ಲದ ಮನುಷ್ಯ. "ಚಿಂಪಾಂಜಿಯವ್ರಾ? ಮುನಿಗಂಗಪ್ಪ ಬರ್ತಾರೆ, ವಾರಕ್ಕೆರಡು ಸಲ. ಕಡಿಮೆಯೆಲ್ಲಿ ಬಂತು ಮೇಡಂ, ಯುಗಾದಿ ಆದ್ಮೇಲೆ ಗೆಣಸು ಜಾಸ್ತಿನೇ ತಗೊಂಡ್ ಹೋಗ್ತಿದಾರೆ. ಒಳ್ಳೇದೇ ಬೇಕು, ಹುಳುಕು ಬೇಡ ಅಂತ ಒಂದೊಂದೇ ಆರಿಸ್ತಾ ಕೂತ್ಕೋತಾರೆ."

ಕೃಷ್ಣವೇಣಿಗೆ ತಲೆ ಕೆಟ್ಟಿತು. ಒಂದು ತಲೆ ಕಡಿಮೆಯಾದ ಮೇಲೆ ಗೆಣಸು ಯಾಕೆ ಜಾಸ್ತಿಯಾಯಿತು? ಬೇರೆ ಕಡೆ ಮಾರಿಕೊಳ್ಳುತ್ತಿದ್ದಾರೆಯೇ? ಕಳ್ಳರು ಸಾಮಾನ್ಯವಾಗಿ ಹುಳುಕು ತಂದು ಒಳ್ಳೆಯದರ ಬೆಲೆ ಬರೆಯುತ್ತಾರೆ. ಒಂದೊಂದೇ ಆರಿಸುತ್ತಾ ಕೂರುವ ಕಳ್ಳನನ್ನು ಆಕೆ ಕಂಡಿರಲಿಲ್ಲ.

ಹದಿನೈದು ದಿನ ಕಾಯಲಿಲ್ಲ. ಐದನೆಯ ದಿನ ಬೆಳಗ್ಗೆಯೇ, ಯಾರಿಗೂ ಹೇಳದೆ, ಹೆಬ್ಬಾಳದಲ್ಲಿ ಬಸ್ಸು ಹತ್ತಿದಳು. ಚಿಕ್ಕಜಾಲದಲ್ಲಿ ಇಳಿದು ಟೀ ಅಂಗಡಿಯ ಮುಂದೆ ನಿಂತರೆ, ಅಂದು ಬಕೆಟ್ಟು ಹಿಡಿದು ತಿರುಗಿ ಹೋದ ಮನುಷ್ಯ ಬೆಂಚಿನ ಮೇಲೆ ಟೀ ಕುಡಿಯುತ್ತಾ ಕೂತಿದ್ದ. ಎಡಗೈಯ ಕಿರುಬೆರಳು ಅರ್ಧ ಇಲ್ಲ. ಪಕ್ಕದಲ್ಲಿ ಎರಡು ಪಪ್ಪಾಯಿ, ಒಂದು ಹಾಲಿನ ಪುಡಿಯ ಡಬ್ಬಿ.

"ಮುನಿಗಂಗಪ್ಪ ನೀವೇ ಅಲ್ವಾ?"

ಅವನು ಲೋಟ ಕೆಳಗಿಟ್ಟ. "ಊಂ ಕಣಮ್ಮ. ನೀವು ಗವರ್ಮೆಂಟ್‌ನೋರು. ಅವತ್ತು ನೋಡ್ದೆ."

"ಬೆರಳು ಅವುಗಳೇ ಕಚ್ಚಿದ್ದಾ?"

"ಸೋಮ. ವಸ್ದಾಗಿ ಬಂದಾಗ. ಅವುನ್ಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ." ಮುನಿಗಂಗಪ್ಪನ ಹೊಲ ಏರ್‌ಪೋರ್ಟ್ ರಸ್ತೆ ಅಗಲವಾದಾಗ ಹೋಗಿತ್ತು. ಬಂದ ದುಡ್ಡು ತಮ್ಮಂದಿರಲ್ಲಿ ಹಂಚಿಹೋಗಿ, ಅವನು ಒಂಬತ್ತು ವರ್ಷದಿಂದ ಇಲ್ಲೇ ಕೆಲಸಕ್ಕಿದ್ದ. ಇದನ್ನೆಲ್ಲ ಅವನು ತಾನಾಗಿ ಹೇಳಿದ.

"ಗೌರಿ ಯಾವಾಗ ಸತ್ತಿದ್ದು?" ಕೃಷ್ಣವೇಣಿ ನೇರವಾಗಿ ಕೇಳಿದಳು. ಪಿಂಚಣಿ ಮೇಜಿನಲ್ಲಿ ಕಲಿತ ಉಪಾಯ ಅದು. ಸತ್ತರೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಯಾವಾಗ ಎಂದರೆ ತಡಬಡಾಯಿಸುತ್ತಾರೆ.

ಮುನಿಗಂಗಪ್ಪ ತಡಬಡಾಯಿಸಲಿಲ್ಲ. ಅವನಿಗೆ ಸಿಟ್ಟು ಬಂತು. "ಬುಡ್ತು ಅನ್ನಿ. ಗೌರಿ ಅವಳೆ. ಗುಂಡ್ಕಲ್ಲಂಗವಳೆ."

"ಹಾಗಿದ್ರೆ ತೋರಿಸಿ."

"ಅದಾಗಕಿಲ್ಲ."

"ಯಾರಿಗೆ ಹಾಲಿನ ಪುಡಿ?"

ಅವನು ಡಬ್ಬಿಯನ್ನು ಟವಲಿನಲ್ಲಿ ಸುತ್ತಿಕೊಂಡು ಎದ್ದ. "ಡಾಕ್ಟ್ರುನ್ನ ಕೇಳಿ. ನನ್ ಬಾಯಿಂದ ಏನೂ ಬರಾಕಿಲ್ಲ" ಎಂದು ಸೈಕಲ್ಲು ಹತ್ತಿ ಹೊರಟುಬಿಟ್ಟ.

ಕೃಷ್ಣವೇಣಿ ಆಟೋ ಹಿಡಿದು ಹಿಂದೆಯೇ ಹೋದಳು. ಗೇಟು ತೆಗೆಯಲಿಲ್ಲ. ಆಕೆ ಕಾಂಪೌಂಡಿನ ಹೊರಗಿದ್ದ ಕಲ್ಲಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂತಳು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಪ್ರತಿ ಸಲವೂ ಒಳಗಿನಿಂದ ಸೋಮನ ಕೂಗು ಎದ್ದು ಅಡಗುತ್ತಿತ್ತು. ಹನ್ನೊಂದೂವರೆಗೆ ಡಾಕ್ಟರ್ ನಿಶಾತ್ ಗೇಟಿನ ಸಂದಿಯಲ್ಲಿ ಕಾಣಿಸಿಕೊಂಡರು.

"ಮೇಡಂ, ಹದಿನೈದು ದಿನ ಅಂದಿದ್ದೆ."

"ನೋಡದೆ ನಾನು ಬರೆಯೋದಿಲ್ಲ ಡಾಕ್ಟ್ರೇ. ಬರೆಯದಿದ್ರೆ ನಿಮಗೆ ದುಡ್ಡು ಬರೋದಿಲ್ಲ. ನನಗೇನು, ಊಟದ ಡಬ್ಬಿ ತಂದಿದೀನಿ. ಸಂಜೆವರೆಗೂ ಕೂತಿರ್ತೀನಿ, ನಾಳೆನೂ ಬರ್ತೀನಿ."

ಅವರು ಆಕೆಯ ಕೊಡೆಯನ್ನೂ ಊಟದ ಡಬ್ಬಿಯನ್ನೂ ನೋಡಿದರು. ಆಮೇಲೆ ಗೇಟು ತೆಗೆದರು. ಮುಖಕ್ಕೆ ಕಟ್ಟಿಕೊಳ್ಳಲು ಮಾಸ್ಕ್ ಕೊಟ್ಟರು, ಕೈ ತೊಳೆಯಲು ಹೇಳಿದರು. ಅಂಗಳದ ಹಿಂದೆ ಒಂದು ಸಾಲು ಕೋಣೆಗಳು. ಕೊನೆಯ ಕೋಣೆಯ ಬಾಗಿಲಲ್ಲಿ ಅಂಗೈಯಗಲದ ಗಾಜು. "ಮಾತಾಡ್ಬೇಡಿ. ಗಾಜು ತಟ್ಟಬೇಡಿ" ಎಂದರು ಡಾಕ್ಟರು.

ಕೃಷ್ಣವೇಣಿ ಗಾಜಿಗೆ ಕಣ್ಣಿಟ್ಟಳು. ಹುಲ್ಲು ಹಾಸಿದ ಮೂಲೆಯಲ್ಲಿ ಒಂದು ಚಿಂಪಾಂಜಿ ಬೆನ್ನು ಹಾಕಿ ಕೂತಿತ್ತು. ಬಾಗಿಲ ಕಡೆ ತಲೆ ತಿರುಗಿಸಿ ಅರ್ಧ ಹೊರಳಿತು. ಎಡಗಿವಿಯ ಅಂಚಿನಲ್ಲಿ ಆ ಕಚ್ಚು. ಗೌರಿಯೇ. ಬದುಕಿದ್ದಳು, ಮುನಿಗಂಗಪ್ಪ ಹೇಳಿದಂತೆ ಗುಂಡುಕಲ್ಲಿನ ಹಾಗೆ ಇದ್ದಳು. ಗೌರಿಯ ಎದೆಯ ಎಡಗಡೆ ಕರಿಯ ಕೂದಲಿನ ನಡುವೆ ಏನೋ ಅಲ್ಲಾಡಿತು. ಮೊದಲು ಒಂದು ಪುಟ್ಟ ಕೈ, ಸುಕ್ಕುಸುಕ್ಕಾದ ಬೆರಳುಗಳು. ಆಮೇಲೆ ತಿಳಿಬಣ್ಣದ ಮುಖ, ತಲೆಗೆ ದೊಡ್ಡದಾದ ಎರಡು ಕಿವಿ.

ಒಂದು ಕಡಿಮೆ ಇದೆ ಎಂದು ಬಂದವಳಿಗೆ ಒಂದು ಹೆಚ್ಚೇ ಕಂಡಿತು. ಕೃಷ್ಣವೇಣಿ ಗಾಜಿನಿಂದ ಕಣ್ಣು ತೆಗೆಯುವಾಗ ಡಾಕ್ಟರು ಗೋಡೆ ನೋಡುತ್ತಿದ್ದರು.

"ಮೂರು ತಿಂಗಳಾಯ್ತು" ಎಂದರು. "ಏಪ್ರಿಲಲ್ಲಿ ಹುಟ್ಟಿದ್ದು. ಮಗು ಎಡಗಡೆಗೇ ಅಂಟಿಕೊಂಡಿರತ್ತೆ. ಅದಕ್ಕೇ ಫೋಟೋ ಎಲ್ಲಾ ಬಲಗಡೆಯಿಂದ ತೆಗೆದ್ವಿ. ಹಾಲು ಕಡಿಮೆ ಇದ್ರೆ ಇರ್ಲಿ ಅಂತ ಪುಡಿ. ಬೇಕಾಗಿಲ್ಲ, ತಾಯಿ ಹಾಲೇ ಸಾಕಾಗಿದೆ."

"ಇದನ್ನ ಯಾಕೆ ಮುಚ್ಚಿಟ್ರಿ?"

"ಅನುದಾನದ ಷರತ್ತು ಓದಿದೀರಲ್ಲ ಮೇಡಂ."

ಓದಿದ್ದಳು. ಒಂಬತ್ತನೆಯ ಷರತ್ತು: ಕೇಂದ್ರದಲ್ಲಿ ಸಂತಾನೋತ್ಪತ್ತಿ ಆಗಕೂಡದು, ಹಾಗಾದಲ್ಲಿ ಅನುದಾನ ನಿಲ್ಲಿಸಿ ಪ್ರಾಣಿಗಳನ್ನು ಬೇರೆಡೆಗೆ ಸಾಗಿಸಬಹುದು. ಅದರಲ್ಲಿ ಅರ್ಥವೂ ಇತ್ತು. ರಕ್ಷಣಾ ಕೇಂದ್ರ ಎಂದು ಬೋರ್ಡು ಹಾಕಿಕೊಂಡು ಮರಿ ಹುಟ್ಟಿಸಿ ಮಾರುವವರನ್ನು ತಡೆಯಲು ಮಾಡಿದ ನಿಯಮ. ಆ ನೆನಪು ಬಂದೊಡನೆ ಕೃಷ್ಣವೇಣಿಯ ಮನಸ್ಸಿನಲ್ಲಿ ಆಗತಾನೇ ಮೂಡಿದ್ದ ಮೆತ್ತನೆಯ ಭಾವ ಸರ್ರನೆ ಹಿಂದೆ ಸರಿಯಿತು.

"ಯಾರಿಗೆ ಮಾರಬೇಕು ಅಂತಿದ್ರಿ?"

ನಿಶಾತ್ ಆಕೆಯನ್ನು ನೋಡಿದರು. ಕಚೇರಿಯ ಕೋಣೆಗೆ ಹೋಗಿ ಒಂದು ಫೈಲು ತಂದು ಆಕೆಯ ಕೈಗಿತ್ತರು. ಗರ್ಭ ನಿಲ್ಲದ ಹಾಗೆ ಹೆಣ್ಣು ಚಿಂಪಾಂಜಿಯ ತೋಳಿನ ಚರ್ಮದ ಕೆಳಗೆ ಒಂದು ಸಣ್ಣ ಔಷಧದ ಕಡ್ಡಿ ಇಡುತ್ತಾರೆ. ಗೌರಿಯ ಕಡ್ಡಿ ಹೋದ ವರ್ಷ ಜೂನಿನಲ್ಲಿ ಬದಲಾಗಬೇಕಿತ್ತು. ಆ ವರ್ಷದ ಏಪ್ರಿಲಿನಲ್ಲಿ ಬರಬೇಕಿದ್ದ ಕಂತು ಬಂದಿರಲಿಲ್ಲ. ಬೇಗ ದುಡ್ಡು ಬಿಡಿ, ಕಡ್ಡಿ ತರಿಸಬೇಕು, ಇಲ್ಲವಾದರೆ ಗರ್ಭ ನಿಲ್ಲುತ್ತದೆ ಎಂದು ಮೂರು ಪತ್ರ. ಮೂರರ ಮೇಲೂ ಅನುದಾನ ಘಟಕದ ಮೊಹರು, ಸ್ವೀಕರಿಸಿದ ತಾರೀಖು. ಕಂತು ಬಂದದ್ದು ಡಿಸೆಂಬರಿನಲ್ಲಿ. ಅಷ್ಟರೊಳಗೆ ಗೌರಿಗೆ ನಾಲ್ಕು ತಿಂಗಳು.

"ಸೋಮನನ್ನ ಬೇರೆ ಇಡಬಹುದಿತ್ತಲ್ಲ?"

"ಇಟ್ಟಿದ್ವಿ. ಹದಿನಾಲ್ಕು ದಿನ ಊಟ ಬಿಟ್ಟ. ಕೂದಲು ಕಿತ್ತುಕೊಳ್ಳೋಕೆ ಶುರು ಮಾಡ್ದ. ಮತ್ತೆ ಬಿಟ್ವಿ. ಅದು ನನ್ನ ತೀರ್ಮಾನ." ಡಾಕ್ಟರ ದನಿ ಇಳಿಯಿತು. "ಮೇಡಂ, ನೀವು ಸುಳ್ಳು ಬರೆಯಿರಿ ಅಂತ ಹೇಳ್ತಿಲ್ಲ. ಮೂರು ಪ್ರಾಣಿಗಳನ್ನ ನೋಡಿದೆ, ಆರೋಗ್ಯವಾಗಿವೆ ಅಂತ ಬರೀರಿ. ಅದು ನಿಜಾನೇ. ತಾಯಿ ಮಗು ಬೇರೆ ಮಾಡಿದ್ರೆ ಎರಡೂ ಉಳಿಯಲ್ಲ."

ಹೊರಗೆ ಮುನಿಗಂಗಪ್ಪ ಗೋಡೆಗೊರಗಿ ನಿಂತಿದ್ದ. ಆಕೆಗೆ ಗೇಟು ತೆಗೆದುಕೊಟ್ಟ.

ಮನೆಗೆ ಬಂದು ಕೃಷ್ಣವೇಣಿ ಎರಡು ದಿನ ನಿಶಾತ್ ಕೊಟ್ಟಿದ್ದ ಪತ್ರಗಳ ನಕಲನ್ನು ಹತ್ತು ಸಲ ತಿರುವಿದಳು. ಮೊಹರು ಈಚೆಗೆ ಒತ್ತಿದ್ದಿರಬಹುದೇ? ಮೊಹರಿನ ಪಕ್ಕದ ಕ್ರಮಸಂಖ್ಯೆಗಳನ್ನು ಬರೆದುಕೊಂಡು ಮೂರನೆಯ ದಿನ ಬಸವಕಿರಣನ ಕಚೇರಿಗೆ ಹೋಗಿ ಒಳಬಂದ ಪತ್ರಗಳ ರಿಜಿಸ್ಟರು ಕೇಳಿದಳು. ಗುಮಾಸ್ತೆ ಹಳೆಯ ಪರಿಚಯ, ತೋರಿಸಿದಳು. ಮೂರೂ ಪತ್ರ ಅದೇ ಸಂಖ್ಯೆಯಲ್ಲಿ, ಅದೇ ತಾರೀಖಿನಲ್ಲಿ ದಾಖಲಾಗಿದ್ದವು. ಮೂರರ ಮುಂದೆಯೂ ಒಂದೇ ಷರಾ: ಬ.ಕಿ. ಅವರಿಗೆ.

ಬಸವಕಿರಣ ಎದ್ದು ನಿಂತು ಕುರ್ಚಿ ಕೊಟ್ಟ. "ಮೇಡಂ, ಮೂರು ಇದೆ ಅಲ್ವಾ? ಬರೆದುಬಿಡಿ. ಈ ತಿಂಗಳು ಖರ್ಚಾಗದಿದ್ರೆ ದುಡ್ಡು ವಾಪಸ್ ಹೋಗತ್ತೆ."

"ಕಡ್ಡಿಗೆ ದುಡ್ಡು ಕೇಳಿ ಮೂರು ಕಾಗದ ಬಂದಿತ್ತಲ್ಲ. ಏನ್ಮಾಡಿದ್ರಿ?"

ಅವನ ಮುಖ ಬಿಳುಚಿತು. "ಪ್ರಾಣಿಗಳ ಔಷಧಿ ಅಂತ ಬಾಕಿ ಇಟ್ಟಿದ್ದೆ ಮೇಡಂ. ಅದು ಅಷ್ಟು ಅರ್ಜೆಂಟು ಅಂತ ಯಾರಿಗೆ ಗೊತ್ತಾಗತ್ತೆ?"

"ಕಾಗದದಲ್ಲೇ ಬರೆದಿದ್ರಲ್ಲ ಬಸವಕಿರಣ." ಆಕೆಗೆ ಈಗ ಅರ್ಥವಾಯಿತು. ಪಶುವೈದ್ಯರು ಹೋಗಿದ್ದರೆ ಕಡ್ಡಿಯ ಮಾತು ಬಂದೇ ಬರುತ್ತಿತ್ತು. "ಅದಕ್ಕೇ ನನ್ನನ್ನ ಕಳಿಸಿದ್ದು. ತಲೆ ಎಣಿಸಿ ಬರ್ತಾಳೆ ಅಂತ."

"ಹಾಗಲ್ಲ ಮೇಡಂ" ಎಂದ ಅವನು. ಮೇಜಿನ ಮೇಲಿನ ಕಡತಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ.

ಆ ಮಧ್ಯಾಹ್ನ ಊಟದ ಮೇಜಿನ ಮುಂದೆ ಕೂತು ವರದಿ ಬರೆದಳು. ಶೇಷಗಿರಿ ಎದುರಿಗಿದ್ದರು. "ಪಾಪ, ಆ ಡಾಕ್ಟ್ರು ಬದುಕಿಕೊಳ್ಳಲಿ ಬಿಡು. ಮೂರು ನೋಡಿದೆ ಅಂದ್ರೆ ಯಾರಿಗೆ ನಷ್ಟ?" ಎಂದರು.

"ಕಾಗದದಲ್ಲಿ ಇಲ್ಲದ ಮರಿ ನಾಳೆ ಕಾಣೆಯಾದ್ರೆ ಯಾರನ್ನ ಕೇಳ್ತೀರಿ? ಸತ್ತರೂ ಗೊತ್ತಾಗಲ್ಲ, ಮಾರಿದ್ರೂ ಗೊತ್ತಾಗಲ್ಲ. ಲೆಕ್ಕಕ್ಕೇ ಇಲ್ಲದ್ದು ಅದು." ಹಾಗೆ ಹೇಳುವಾಗಲೂ ನಿಶಾತ್ ಅವರನ್ನು ತಾನು ಪೂರ್ತಿ ನಂಬಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ನಂಬಬೇಕೆಂಬ ಆಸೆ ಬಂದಿತ್ತು. ಆ ಆಸೆಯ ಮೇಲೆಯೇ ಆಕೆಗೆ ಹೆಚ್ಚು ಸಂಶಯ.

ವರದಿಯಲ್ಲಿ ಹೀಗಿತ್ತು: ಮೂರು ವಯಸ್ಕ ಪ್ರಾಣಿಗಳನ್ನು ಕಿವಿಯ ಗುರುತಿನಿಂದ ಖಚಿತಪಡಿಸಿದೆ. ಗೌರಿಗೆ ಏಪ್ರಿಲಿನಲ್ಲಿ ಹುಟ್ಟಿದ ಒಂದು ಮರಿ ಇದೆ. ಟ್ರಸ್ಟು ಇದನ್ನು ಮುಚ್ಚಿಟ್ಟದ್ದು ತಪ್ಪು. ಗರ್ಭ ನಿಂತದ್ದು ಕಂತು ಎಂಟು ತಿಂಗಳು ತಡವಾದದ್ದರಿಂದ. ಮೂರು ಪತ್ರಗಳ ಸಂಖ್ಯೆ ಮತ್ತು ತಾರೀಖು ಇಂತಿವೆ. ತಾಯಿ ಮರಿಯನ್ನು ಬೇರ್ಪಡಿಸಬಾರದು ಎಂದು ಕೇಂದ್ರದ ವೈದ್ಯರ ಅಭಿಪ್ರಾಯ. ನನಗೆ ಈ ವಿಷಯ ತಿಳಿಯದು, ತಿಳಿದವರನ್ನು ಕಳಿಸಿ. ವರದಿಯ ಒಂದು ಪ್ರತಿಯನ್ನು ಬಸವಕಿರಣನಿಗೂ, ಇನ್ನೊಂದನ್ನು ನೇರವಾಗಿ ಅವನ ಮೇಲಿನವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು. ಒಂದೇ ಪ್ರತಿಯಾದರೆ ಕಳೆದುಹೋಗುತ್ತದೆ ಎಂದು ಆಕೆಗೆ ಗೊತ್ತಿತ್ತು.

ಮುಂದಿನ ದಿನಗಳು ಚೆನ್ನಾಗಿರಲಿಲ್ಲ. ಅನುದಾನ ನಿಂತಿತು. ವಿಚಾರಣೆ ಎಂದು ಹತ್ತು ವಾರ. ಟ್ರಸ್ಟಿನಲ್ಲಿ ಹಣ್ಣು ಅರ್ಧಕ್ಕಿಳಿಯಿತೆಂದೂ, ಪುಟ್ಟಿ ತೋಳಿನ ಕೂದಲೆಲ್ಲ ಕಿತ್ತುಕೊಂಡಿದ್ದಾಳೆಂದೂ ಆಕೆ ಶಿವರಾಮ್ ಬಾಯಿಂದ ಕೇಳಿದಳು. ಗೆಣಸನ್ನು ಶಿವರಾಮ್ ಅವರೇ ಸಾಲವಾಗಿ ಕಳಿಸುತ್ತಿದ್ದರು. "ನೀವು ಬಂದು ಹೋದ್ಮೇಲೆನೇ ಇದೆಲ್ಲಾ ಆಗಿದ್ದು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಕೃಷ್ಣವೇಣಿ ಎರಡು ಮೂಟೆ ಗೆಣಸಿನ ದುಡ್ಡು ಕೊಟ್ಟು ಹೆಸರು ಹೇಳಬೇಡಿ ಎಂದಳು. ತಪಾಸಣೆ ಮಾಡಿದ ಜಾಗಕ್ಕೆ ದುಡ್ಡು ಕೊಡುವುದು ನಿಯಮಕ್ಕೆ ವಿರುದ್ಧವೆಂದು ಮನೆ ಸೇರುವವರೆಗೂ ಮನಸ್ಸು ಕಡಿಯುತ್ತಲೇ ಇತ್ತು.

ಇಬ್ಬರು ಪಶುವೈದ್ಯರಿದ್ದ ಸಮಿತಿ ಸೆಪ್ಟೆಂಬರಿನಲ್ಲಿ ಹೋಗಿ ನೋಡಿತು. ಮರಿ ಮಾರುವ ಉದ್ದೇಶಕ್ಕೆ ಪುರಾವೆ ಸಿಗಲಿಲ್ಲ ಎಂದು ಬರೆಯಿತು. ತಾಯಿ ಮಗು ಒಟ್ಟಿಗೇ ಇರಲಿ, ಅನುದಾನ ನಾಲ್ಕು ತಲೆಗೆ ಬರಲಿ, ಕಡ್ಡಿಯ ಹಣ ಇನ್ನು ಮುಂದೆ ಪ್ರತ್ಯೇಕವಾಗಿ ಮುಂಗಡ ಬರಲಿ ಎಂದು ಶಿಫಾರಸು ಮಾಡಿತು. ಮುಚ್ಚಿಟ್ಟ ತಪ್ಪಿಗೆ ನಿಶಾತ್ ಮುಖ್ಯಸ್ಥರ ಸ್ಥಾನ ಬಿಡಬೇಕಾಯಿತು, ವೈದ್ಯರಾಗಿ ಉಳಿದರು. ಬಸವಕಿರಣನನ್ನು ಬೇರೆ ಕಡೆಗೆ ಹಾಕಿದರು. ಅದು ಶಿಕ್ಷೆಯೋ ಬಡ್ತಿಯೋ ಎಂದು ಕೃಷ್ಣವೇಣಿಗೆ ಈಗಲೂ ಅನುಮಾನ. ಆಕೆಯನ್ನಂತೂ ಆ ಘಟಕದವರು ಮತ್ತೆ ಯಾವ ಕೆಲಸಕ್ಕೂ ಕರೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಲೋ ಬೇಡವೋ ಎಂದು ಯೋಚಿಸಿ ಎತ್ತಿದರೆ ಮುನಿಗಂಗಪ್ಪ.

"ಒಂದ್ಸಲ ಬಂದೋಗಿ ಕಣಮ್ಮ."

"ಯಾಕೆ? ಏನಾದ್ರೂ ಆಗಿದ್ಯಾ?"

"ಏನೂ ಆಗಿಲ್ಲ. ಬನ್ನಿ ಅಂದೆ."

ಹೊಸ ಪರಿಶೀಲನೆ ಏನಾದರೂ ಬರುತ್ತಿದೆಯೋ, ತನ್ನಿಂದ ಏನಾದರೂ ಬರೆಸಿಕೊಳ್ಳಬೇಕೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಹೋದಳು. ಅಂಥದ್ದೇನೂ ಇರಲಿಲ್ಲ. ಮುನಿಗಂಗಪ್ಪ ಮಾಸ್ಕ್ ಕೊಟ್ಟು ಜಾಲರಿಯ ಹೊರಗೆ ದೂರದಲ್ಲಿ ನಿಲ್ಲಿಸಿದ. ಅಂಗಳದಲ್ಲಿ ನಾಲ್ಕೂ ಇದ್ದವು. ಪುಟ್ಟಿಯ ತೋಳಿನಲ್ಲಿ ಕೂದಲು ಮತ್ತೆ ಮೊಳೆಯುತ್ತಿತ್ತು. ಮರಿ ಸೋಮನ ಕಾಲ ಬೆರಳು ಹಿಡಿದು ಎಳೆಯುತ್ತಿದ್ದರೆ ಅವನು ಕಾಣದವನ ಹಾಗೆ ಆಕಾಶ ನೋಡುತ್ತಿದ್ದ. ಕೃಷ್ಣವೇಣಿಯನ್ನು ಕಂಡ ಕೂಡಲೇ ಗೌರಿ ಎದ್ದು ಬಂದು ಮರಿಯನ್ನು ಎತ್ತಿಕೊಂಡಳು, ಜಾಲರಿಗೆ ಬೆನ್ನು ಹಾಕಿ ಕೂತಳು, ಹೆಗಲ ಮೇಲಿಂದ ಒಮ್ಮೆ ಆಕೆಯನ್ನು ದಿಟ್ಟಿಸಿದಳು.

"ನಿಮ್ಮುನ್ನ ಗ್ಯಾಪ್ಕ ಮಡಿಕಂಡವಳೆ" ಎಂದ ಮುನಿಗಂಗಪ್ಪ.

"ಒಳ್ಳೇದಕ್ಕಾ, ಕೆಟ್ಟದ್ದಕ್ಕಾ?"

"ಅದು ನಂಗೊತ್ತಿಲ್ಲ ಕಣಮ್ಮ. ಒಂದ್ಸಲ ನೋಡಿದ್ನ ಮರ್ಯಾಕಿಲ್ಲ, ಅಷ್ಟೇ." ಅವನು ಜಾಲರಿಯ ಹೊರಗೆ ಬಿದ್ದಿದ್ದ ಹಣ್ಣಿನ ಸಿಪ್ಪೆ ಎತ್ತಿ ಬಕೆಟ್ಟಿಗೆ ಹಾಕಿದ. "ನಾನು ನಿಮ್ಮುನ್ನ ತುಂಬಾ ಬಯ್ಕಂಡಿದ್ದೆ. ಏಳ್ಬೇಕು ಅನ್ನುಸ್ತು, ಅದ್ಕೇ ಕರ್ದೆ."

"ಈಗ?"

"ಈಗ್ಲೂ ಒಸಿ ಐತೆ" ಎಂದ ಅವನು.

ಕೃಷ್ಣವೇಣಿ ತಲೆಯಾಡಿಸಿದಳು. ಅವನು ಟೀ ತರಿಸಿದ. ಈ ಸಲ ಆಕೆ ಯಾವ ತಪಾಸಣೆಗೂ ಬಂದಿರಲಿಲ್ಲವಾದ್ದರಿಂದ ಕುಡಿದಳು. ಲೋಟ ಕೆಳಗಿಟ್ಟು ಕಡ್ಡಿ ಬದಲಾಯಿಸುವ ಮುಂದಿನ ತಾರೀಖು ಯಾವುದೆಂದು ಕೇಳಿ, ಚೀಲದಿಂದ ಪೆನ್ನು ತೆಗೆದು ಬರೆದುಕೊಂಡಳು.